ಸಾರಿನ ಪುಡಿಯ ನಾಲ್ಕನೆಯ ಪೆಟ್ಟಿಗೆ

ಮುಂಬಯಿಯ ಪ್ಯಾಕೇಜಿಂಗ್ ವಿನ್ಯಾಸ ಕ್ಷೇತ್ರದಲ್ಲಿ ಇಂದು ಹೆಸರು ಮಾಡಿರುವ ಅನೇಕರ ಕೈಗೆ ಮೊದಲು ಕತ್ತರಿ ಕೊಟ್ಟವರು ಶ್ರೀಮತಿ ಪುಟ್ಟಲಕ್ಷ್ಮಿ ಸತ್ಯಮೂರ್ತಿಯವರು. ಮದುವೆಯಾಗಿ ಮೈಸೂರಿನಿಂದ ಬಂದು, ದಿನವೂ ಡೊಂಬಿವಲಿಯ ಮನೆಯಿಂದ ಲೋಕಲ್ ರೈಲು ಹಿಡಿದು ವಿಲೆ ಪಾರ್ಲೆಯ ನಮ್ಮ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, ಈ ತಿಂಗಳು ಅವರು ನಿವೃತ್ತರಾಗುತ್ತಿದ್ದಾರೆ. ಅವರ ಕುರಿತು ಬರೆಯಲು ನಾನು ನನ್ನ ಸೋಲಿನಿಂದಲೇ ಆರಂಭಿಸಬೇಕು.

೨೦೧೫ರಲ್ಲಿ ನಾನು ಕೊನೆಯ ವರ್ಷದ ವಿದ್ಯಾರ್ಥಿನಿ. ನಾವು ಮಾಡಿದ ವಿನ್ಯಾಸ ನಿಜವಾದ ವಸ್ತುವಿನ ಮೇಲೆ ಹೇಗೆ ಕಾಣುತ್ತದೆಂದು ತೋರಿಸುವ ಚಿತ್ರಕ್ಕೆ ಮಾಕಪ್ ಎನ್ನುತ್ತೇವೆ. ನನ್ನ ಪೋರ್ಟ್‌ಫೋಲಿಯೊದಲ್ಲಿದ್ದವೆಲ್ಲ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಸಿದ್ಧ ಮಾಕಪ್‌ಗಳು. ವಿನ್ಯಾಸ ಸಂಸ್ಥೆಯೊಂದರ ಕೆಲಸದ ಸಂದರ್ಶನದಲ್ಲಿ ಅಧಿಕಾರಿಯೊಬ್ಬರು ಇನ್ನೊಬ್ಬ ಅಭ್ಯರ್ಥಿಯ ಪುಟವನ್ನು ನನ್ನದರ ಪಕ್ಕದಲ್ಲಿಟ್ಟರು. ಅದೇ ಮರದ ಮೇಜು, ಅದೇ ಪೆಟ್ಟಿಗೆ, ಅದೇ ನೆರಳು. “ಇದರಲ್ಲಿ ನಿಮ್ಮದು ಯಾವುದು?” ಎಂದು ಕೇಳಿದರು. ನಾನು ನನ್ನ ಪುಟಗಳನ್ನು ಎತ್ತಿಕೊಂಡು ಎದ್ದು ಬಂದೆ.

“ಬಸ್, ಸಾಕು ಮೇಡಂ, ನನ್ಗೆ ಆಗುದಿಲ್ಲ. ಬಿಟ್ಬಿಡ್ತೇನೆ” ಎಂದು ಪುಟ್ಟಲಕ್ಷ್ಮಿ ಮೇಡಂ ಎದುರು ಅತ್ತುಬಿಟ್ಟೆ.

“ಭಾನುವಾರ ಜೋಗೇಶ್ವರಿ ಸ್ಟೇಷನ್‌ಗೆ ಬಾ. ನಿಮ್ಮಮ್ಮ ಮಾಡೋ ಸಾರಿನ ಪುಡಿ ಅರ್ಧ ಕಿಲೋ ತಗೊಂಡ್ಬಾ” ಎಂದಷ್ಟೇ ಹೇಳಿದರು. ಅಮ್ಮ ಮೋಹಿನಿ ನೆರೆಹೊರೆಗೆ ಮಾರುತ್ತಿದ್ದ ಆ ಪುಡಿಗೇ ನಾನು ಪೆಟ್ಟಿಗೆಯೊಂದನ್ನು ವಿನ್ಯಾಸಗೊಳಿಸಿದ್ದೆ.

ಜೋಗೇಶ್ವರಿಯಲ್ಲಿ ಅಣವೀರಪ್ಪ ಎಂಬವರ ರಟ್ಟಿನ ಪೆಟ್ಟಿಗೆಯ ಸಣ್ಣ ಕಾರ್ಖಾನೆಯಿತ್ತು. ಅಲ್ಲಿ ನನ್ನ ಅಳತೆಯಂತೆ ರಟ್ಟು ಕತ್ತರಿಸಿ, ಮಡಚಿ, ಪುಡಿ ತುಂಬಿದೆವು. ತಳ ಬಿಚ್ಚಿಕೊಂಡು ಪುಡಿಯೆಲ್ಲ ಮೇಡಂ ಸೀರೆಯ ಮೇಲೆ ಬಿತ್ತು.

“ರಟ್ಟು ತೆಳ್ಳಗೈತ್ರಿ ಮೇಡಮ್ಮಾರ, ತಡೆಯಂಗಿಲ್ಲ” ಎಂದರು ಅಣವೀರಪ್ಪ.

ಮೇಡಂ ಸೀರೆ ಕೊಡವಿಕೊಂಡು, “ಡೌನ್‌ಲೋಡ್ ಮಾಡಿದ್ರೆ ಇದು ಗೊತ್ತಾಗ್ತಿತ್ತೇನೇ?” ಎಂದು ನನ್ನತ್ತ ನೋಡಿದರು.

ಇನ್ನೆರಡು ಪೆಟ್ಟಿಗೆಗಳೂ ಕೆಟ್ಟವು, ನಾಲ್ಕನೆಯದು ನಿಂತಿತು. ಖಾಲಿ ಬಿಳಿ ಪೆಟ್ಟಿಗೆಯನ್ನು ಕಿಟಕಿಯ ಬೆಳಕಿನಲ್ಲಿಟ್ಟು ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಅದರ ಮೇಲೆ ನನ್ನ ವಿನ್ಯಾಸವನ್ನು ಕೂರಿಸಿದೆ. ಅದೇ ಸಂಸ್ಥೆಗೆ ಆ ಚಿತ್ರವನ್ನೂ ಪೆಟ್ಟಿಗೆಯನ್ನೂ ಒಯ್ದೆ. ಅಧಿಕಾರಿ ಪೆಟ್ಟಿಗೆಯನ್ನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಇಂದಿಗೂ ನಾನು ಅಲ್ಲಿಯೇ ದುಡಿಯುತ್ತಿದ್ದೇನೆ.

ಆ ದಿನಗಳಲ್ಲಿ ಪರೇಲಿನ ಆಸ್ಪತ್ರೆಯಲ್ಲಿ ಮೇಡಂ ಅವರ ಪತಿ ಸತ್ಯಮೂರ್ತಿಯವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿತ್ತೆಂದೂ, ಮೇಡಂಗೆ ಸಿಗುತ್ತಿದ್ದುದು ಭಾನುವಾರದ ಬಿಡುವೊಂದೇ ಎಂದೂ ನನಗೆ ಬಹಳ ತಡವಾಗಿ ತಿಳಿಯಿತು. ಎರಡು ವರ್ಷಗಳ ಬಳಿಕ ಪತಿ ತೀರಿಕೊಂಡರು. ಹದಿನೈದನೆಯ ದಿನ ಮೇಡಂ ತರಗತಿಗೆ ಬಂದರು.

ಈಗ ಬೇಕಾದುದನ್ನು ಟೈಪ್ ಮಾಡಿದರೆ ಕಂಪ್ಯೂಟರೇ ಮಾಕಪ್ ಮಾಡಿಕೊಡುತ್ತದೆ. ಕಳೆದ ವರ್ಷ ಕಾಲೇಜು, ವಿದ್ಯಾರ್ಥಿಗಳು ಕೈಯಿಂದಲೇ ಪೆಟ್ಟಿಗೆ ಮಾಡಿ ಕಲಿಯುತ್ತಿದ್ದ ಅವರ ಕಾರ್ಯಾಗಾರವನ್ನು ಇನ್ನು ಬೇಡವೆಂದು ಮುಚ್ಚಿತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಪ್ರತಿಭಟಿಸಲು ಹೊರಟಾಗ ಅವರೇ ನನ್ನನ್ನು ಕರೆದು ತಡೆದರು: “ಬೇಡ ನಿಖಿತಾ. ನಂಗೂ ಸಾಕಾಗಿದೆ ಕಣೇ.”

ಇಂಥ ಲೇಖನದ ಕೊನೆಗೆ, ಅವರ ಸೇವೆ ಹೀಗೆಯೇ ಮುಂದುವರಿಯಲಿ ಎಂದು ಬರೆಯುವುದು ವಾಡಿಕೆ. ನನಗೆ ಮನಸ್ಸು ಬರುತ್ತಿಲ್ಲ. ಮೇಡಂ ನೂರು ವರ್ಷ ಬಾಳಲಿ. ಕೆಲಸವನ್ನು ತಮಗೆ ಬೇಕೆನಿಸಿದ ದಿನ ಮಾತ್ರ ಮಾಡಲಿ. ಡೊಂಬಿವಲಿಯಿಂದ ಹೊರಡುವ ಬೆಳಗಿನ ಆರೂವರೆಯ ಲೋಕಲ್ ಇನ್ನು ಅವರಿಲ್ಲದೆಯೇ ಹೊರಡಲಿ.