ಮಾಳಮ್ಮನ ‘ಲಾಭ’

ಕೊರೊನಾ ಕಳೆದು ಶಾಲೆಗಳು ತೆರೆದ ವರ್ಷ ನಾನು ಸುರಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದನೇ ತರಗತಿಯ ಶಿಕ್ಷಕಿ. ನಿವೃತ್ತಿ ಹತ್ತಿರವಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ವಸ್ತುಗಳನ್ನು ಮುಟ್ಟಿ ಎಣಿಸಿದ ಮೇಲೆಯೇ ಮಗು ಅಂಕಿ ಬರೆಯಬೇಕೆಂಬುದು ನಮ್ಮ ಪದ್ಧತಿ.

ಒಂದು ದಿನ ಹುಣಸೆ ಬೀಜ ಕೊಟ್ಟು ಎಣಿಸಲು ಹೇಳಿದೆ. ಆರು ವರ್ಷದ ಮಾಳಮ್ಮ ಎದ್ದು ಗಟ್ಟಿಯಾಗಿ, “ಲಾಭ, ಎರಡು, ಮೂರು...” ಎಂದಳು. ತರಗತಿ ಘೊಳ್ಳೆಂದು ನಕ್ಕಿತು. “ಬಾಯಿ ಮುಚ್ರಿ, ಇಲ್ಲಾಂದ್ರ ನಿಮ್ಮ ಹಲ್ಲು ಎಣಸ್ತೀನಿ!” ಎಂದು ಗದರಿದೆ. ಅಷ್ಟರಲ್ಲಿ ಹುಡುಗಿಯ ಮುಖ ಸಣ್ಣದಾಗಿತ್ತು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಮನೆಗೆ ಹೋದೆ. ಅವಳನ್ನು ಸಾಕುತ್ತಿದ್ದ ಅಜ್ಜಿ ದೇವಮ್ಮ ಜೋಳ ಹಸನು ಮಾಡುತ್ತಿದ್ದಳು.

“ಆಕಿ ಇನ್ನ ಬರಂಗಿಲ್ರಿ. ರಾಶಿ ಅಳಿಯೂವಾಗ ಮೊದಲ ಸೇರಿಗೆ ಒಂದು ಅನ್ನಂಗಿಲ್ಲ, ಲಾಭ ಅಂತೀವಿ. ನಾನಽ ಕಲಿಸೀನಿ. ನನ್ನ ಮಾತಿಗೆ ಕೂಸು ನಗೆಪಾಟಲಾತು. ನನ್ನ ಸಂಗಾಟ ಹೊಲಕ್ಕ ಹತ್ತಿ ಬಿಡಸಾಕ ಬರ್ಲಿ ಬಿಡ್ರಿ.”

ತರಗತಿಯಲ್ಲಿ ಹೊಳೆಯದಿದ್ದುದು ಈಗ ನೆನಪಾಗಿ ನನಗೆ ಕಣ್ಣು ತುಂಬಿತು. ಶಹಾಪುರದ ಹತ್ತಿರ ನಮ್ಮ ಕಣದಲ್ಲಿ ಅಪ್ಪ ಚಪ್ಪಲಿ ಕಳಚಿ, ಇದೇ ಮಾತಿನಿಂದ ರಾಶಿ ಅಳೆಯುತ್ತಿದ್ದರು. ‘ಲಾಭ’ ಎಂದೊಡನೆ ಗಲಾಟೆ ಮಾಡುತ್ತಿದ್ದ ನಾವೆಲ್ಲ ಸುಮ್ಮನಾಗುತ್ತಿದ್ದೆವು. ಆ ದನಿ ಕೇಳಿ ಯಾವ ಕಾಲವಾಗಿತ್ತು!

“ನಾಳಿ ಮೊಮ್ಮಗಳ ಜೋಡಿ ನೀನೂ ಬಾ. ಸೇರು ತಗೊಂಡು ಬಾ,” ಎಂದೆ.

“ಈ ವಯಸ್ಸಿನ್ಯಾಗ ನನ್ನ ಸಾಲಿಗೆ ಕರೀತೀರೇನ್ರಿ!” ಎಂದು ಗೊಣಗಿದಳು. ಆದರೂ ಬಂದಳು.

ತರಗತಿಯ ನಡುವೆ ಜೋಳ ಸುರಿದು, ಅಳೆಯಲು ಮಾಳಮ್ಮನನ್ನೇ ಕೂರಿಸಿದೆ. ಮೊದಲ ಸೇರು ತುಂಬಿತು. ಹುಡುಗಿ ತುಟಿ ಬಿಚ್ಚಲಿಲ್ಲ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ತಡೆಯಲಾರದೆ ನಾನೇ ಅಪ್ಪನ ಹಾಗೆ ಕೂಗಿದೆ: “ಲಾಭ!” ಮಕ್ಕಳೂ ಕೂಗಿದರು. “ಎರಡು” ಎನ್ನುವಾಗ ಮಾಳಮ್ಮನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

“ಈಗ ಆ ಲಾಭಾನ ಬರಿ ನೋಡೋಣು,” ಎಂದು ಸೀಮೆಸುಣ್ಣ ಕೊಟ್ಟೆ. ಸ್ವಲ್ಪ ಯೋಚಿಸಿ, ಹಲಗೆಯ ಮೇಲೆ ನೆಟ್ಟಗೆ ಒಂದು ಗೀಟು ಎಳೆದಳು: 1.

ಓದು ಬಾರದ ದೇವಮ್ಮ ಹತ್ತಿರ ಬಂದು ದಿಟ್ಟಿಸಿದಳು. “ಇಷ್ಟಽ ಏನ್ರಿ? ಜನ್ಮೆಲ್ಲ ಬಾಯಿಲೆ ಅಂದೀನಿ, ಕಣ್ಣಿಲೆ ನೋಡಿದ್ದಿಲ್ಲ.” ನೆಲದ ಜೋಳದಲ್ಲಿ ಬೆರಳಾಡಿಸಿ ತಾನೂ ಒಂದು ಗೀಟು ಎಳೆದಳು.

ಮಗು ಮನೆಯಿಂದ ತಂದ ಎಣಿಕೆಯನ್ನು ಶಾಲೆಯ ಬಾಗಿಲಾಚೆ ಬಿಡಿಸಬಾರದೆಂದು ನನ್ನ ನೌಕರಿ ನನಗೆ ಕಲಿಸಿದ್ದು ಅಂದೇ. ಹೊರಡುವಾಗ ದೇವಮ್ಮ ಸೇರನ್ನು ಅಲ್ಲೇ ಬಿಟ್ಟು, ಮೊಮ್ಮಗಳ ತಲೆ ಸವರಿದಳು.

“ನಾಳಿ ಎರಡು ಕಲ್ತು ಬಾ. ಸಂಜಿಗೆ ನನಗ ಕಲಿಸೀಯಂತ.”