ಇಳಿಜಾರಿನಲ್ಲಿ ಗೊಣಗುತ್ತಿದ್ದ ಬಸ್ಸು

ನಿಮ್ಮ ತಾತನ ಬಸ್ಸು ಹೋಗಿ ಎಂಟು ತಿಂಗಳಾಯಿತು. ಅದು ನಿಂತಿದ್ದ ಪಕ್ಕದ ಸೈಟಿನಲ್ಲಿ ಈಗ ಮನೆ ಏಳುತ್ತಿದೆ. ಬಟ್ಟೆ ಒಣಹಾಕಲು ಮೇಲೆ ಹೋದಾಗ ಈಗಲೂ ಕಣ್ಣು ಮೊದಲು ಅತ್ತ ಹೋಗುತ್ತದೆ. ನೀವಿಬ್ಬರೂ ಅದರೊಳಗೆ ಕಣ್ಣಾಮುಚ್ಚಾಲೆ ಆಡಿದ್ದೀರಿ, ಅದರ ಮಂಚದ ಮೇಲೆ ಕುಣಿದು ಬೈಸಿಕೊಂಡಿದ್ದೀರಿ. ಆದರೆ ಕೊನೆಯ ದಿನ ಅದರ ಒಂದು ಭಾಗವನ್ನು ಕತ್ತರಿಸಿ ಎಸೆಯಲು ಹೊರಟಿದ್ದರು, ನಾನು ಅಡ್ಡ ಬಂದೆ ಎನ್ನುವುದು ನಿಮಗೆ ಗೊತ್ತಿಲ್ಲ. ಎದುರು ಕೂತು ಹೇಳಲು ನನಗೆ ಬಾರದು. ಹಳ್ಳಿಯ ಶಾಲೆಯಲ್ಲಿ ಓದಿದ ಏಳು ವರ್ಷವೂ ಮೇಷ್ಟ್ರು ಕೇಳಿದ್ದಕ್ಕೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದವಳು. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ.

ಗ್ಯಾರೇಜಿನ ಕೆಲಸದಿಂದ ನಿವೃತ್ತರಾದ ಮೇಲೆ ನಿಮ್ಮ ತಾತ ಯಾವುದೋ ಶಾಲೆಯವರು ಬೇಡವೆಂದು ಬಿಟ್ಟ ಹಳೆಯ ಡೀಸೆಲ್ ಬಸ್ಸನ್ನು ಕೊಂಡು ತಂದರು. ಬನಶಂಕರಿಯ ನಮ್ಮ ರಸ್ತೆಗೆ ಅದು ತಿರುಗುವುದೇ ಕಷ್ಟವಾಗಿತ್ತು. ಹಿಂದಿನ ಸೀಟುಗಳನ್ನು ಕಿತ್ತು ಎರಡು ಮಂಚ, ಒಲೆಗೊಂದು ಕಟ್ಟೆ, ನೀರಿನ ಡ್ರಮ್ಮು, ಪಾತ್ರೆಗೆ ಗೂಡು ಮಾಡಿದರು. ಎರಡು ವರ್ಷ ಹಿಡಿಯಿತು. ಎಲ್ಲ ಮುಗಿದ ಮೇಲೆ ಅವರಿಗೆ ಒಂದು ಚಿಂತೆ ಹತ್ತಿತು. ಬಸ್ಸು ಮೊದಲಿಗಿಂತ ಭಾರವಾಗಿತ್ತು. ಘಾಟಿಯಲ್ಲಿ ಇಳಿಯುವಾಗ ಕಾಲಿನ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿಯದೇ ಹೋಗಬಹುದು. ಕೆಟ್ಟು ನಿಂತ ಲಾರಿಯೊಂದರಿಂದ ಎಕ್ಸಾಸ್ಟ್ ಬ್ರೇಕ್ ಬಿಚ್ಚಿ ತಂದು ಕೂರಿಸಿದರು.

ಅದೇನೆಂದು ನಾನು ಕೇಳಿರಲಿಲ್ಲ. ಅವರೇ ಹೇಳಿದರು. "ತುಂಬಿದ ಕೊಡ ತಲೆಯಿಂದ ಇಳಿಸೋವಾಗ ಉಸಿರು ಬಿಗಿ ಹಿಡೀತೀಯಲ್ಲ, ಇಂಜಿನ್ನೂ ಹಾಗೇ. ಹೊಗೆ ಹೋಗೋ ಪೈಪಿಗೆ ಒಳಗಡೆ ಒಂದು ಮುಚ್ಚಳ. ಇಳಿಜಾರಲ್ಲಿ ಅದನ್ನ ಮುಚ್ಚಿದ್ರೆ ಗಾಡಿ ಉಸಿರು ಕಟ್ಕೊಂಡು ತನ್ನ ಭಾರ ತಾನೇ ತಡೀತದೆ." ಡ್ರೈವರ್ ಎಡಗಾಲಿನ ಹತ್ತಿರ ನೆಲದಲ್ಲಿ ಒಂದು ಒತ್ತುಗುಂಡಿ. ಒತ್ತಿದರೆ ಗಾಳಿಯ ಒತ್ತಡದಿಂದ ಆ ಮುಚ್ಚಳ ಮುಚ್ಚುತ್ತಿತ್ತು, ಇಂಜಿನ್ನಿಗೆ ಡೀಸೆಲ್ಲೂ ನಿಲ್ಲುತ್ತಿತ್ತು.

ನಾನೊಂದು ದಡ್ಡತನ ಮಾಡಿದೆ. ಹಳೆಯ ಸೀರೆಗಳನ್ನು ಪದರ ಪದರ ಹೊಲಿದು ಅವರ ಕಾಲಡಿಗೆ ದಪ್ಪನೆಯ ಹಾಸು ಮಾಡಿ, ಹೇಳದೆ ಹಾಸಿಟ್ಟೆ. ಮೊದಲ ಪ್ರಯಾಣದ ಬೆಳಿಗ್ಗೆ ಬಸ್ಸು ರಸ್ತೆಯ ಏರು ಹತ್ತುವ ಮೊದಲೇ ಉಸಿರು ಕಟ್ಟಿ ನಿಂತಿತು. ಮತ್ತೆ ಚಾಲೂ ಮಾಡಿದರು, ಮತ್ತೆ ನಿಂತಿತು. ಬಂಧುಗಳೆಲ್ಲ ಪುಳಿಯೋಗರೆ ಡಬ್ಬಿ ಹಿಡಿದು ಕೂತಿದ್ದಾರೆ. ನನ್ನ ನಾದಿನಿ, "ಅಣ್ಣ, ನಿನ್ನ ಅರಮನೆ ಗೇಟು ದಾಟಲ್ಲ ಅಂತಿದೆ, ಇಲ್ಲೇ ಕೂತು ತಿಂದ್ಬಿಡೋಣ" ಎಂದಳು. ಅವರು ಬಗ್ಗಿ ನೋಡಿದರು. ಹಾಸಿನ ದಪ್ಪ ಅಂಚು ಸೀಟಿನ ಕಾಲಿಗೆ ಸಿಕ್ಕಿ, ಗುಂಡಿಯನ್ನು ಅಮುಕಿ ಹಿಡಿದಿತ್ತು. ನಾನು ನಾಚಿಕೆಯಿಂದ ನೆಲಕ್ಕೆ ಇಳಿದುಹೋದೆ. ಅವರು ಬೈಯಲಿಲ್ಲ. ಒಲೆಯ ಕಟ್ಟೆಯಿಂದ ಕತ್ತರಿ ತರಿಸಿ, ಗುಂಡಿ ಬರುವಲ್ಲಿ ದುಂಡಗೆ ಒಂದು ತೂತು ಕತ್ತರಿಸಿದರು. "ಅಂಚು ಬಿಚ್ಚದ ಹಾಗೆ ಹೊಲಿ" ಎಂದರು. ದಾರಿಯಲ್ಲೇ ಹೊಲಿದೆ.

ಅಲ್ಲಿಂದ ಮುಂದೆ ಆ ಗುಂಡಿಯ ಪರೀಕ್ಷೆ ನನ್ನ ಪಾಲಿಗೆ ಬಂತು. ಹೊರಡುವ ದಿನ ಬೆಳಿಗ್ಗೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಗಾಳಿ ತುಂಬಿದ ಮೇಲೆ ನಿಲ್ಲಿಸುತ್ತಿದ್ದರು. ನಾನು ಅವರ ಸೀಟಿನಲ್ಲಿ ಕೂತು ತೂತಿನೊಳಗೆ ಹಿಮ್ಮಡಿ ಇಟ್ಟು ಒತ್ತಬೇಕು. ಅವರು ಹೊರಗೆ ಪೈಪಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ಟಸ್ ಎಂದು ಗಾಳಿ, ಟಕ್ ಎಂದು ಮುಚ್ಚಳ. ಸರಿಯಿದ್ದರೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದರು. ಅಷ್ಟೇ ನಮ್ಮ ಮಾತು.

ನಮ್ಮ ಕಾಲದಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಕರೆಯುತ್ತಿರಲಿಲ್ಲ. ಈ ಬರಹದಲ್ಲೂ ಅವರ ಹೆಸರು ಬರೆಯಲು ಕೈ ಏಳುತ್ತಿಲ್ಲ, ನಗಬೇಡಿ. ಅವರು ಒಬ್ಬರೇ ಬಸ್ಸು ತೆಗೆದುಕೊಂಡು ಹೋದ ದಿನ ಹಿಂದಿರುಗುವಾಗ ನಮ್ಮ ರಸ್ತೆಯ ಇಳಿಜಾರಿನ ತುದಿಯಲ್ಲಿ ಆ ಗುಂಡಿ ಒತ್ತುತ್ತಿದ್ದರು. ಅಷ್ಟು ಸಣ್ಣ ಇಳಿಜಾರಿಗೆ ಅದು ಬೇಕಿರಲಿಲ್ಲ. ಗೊರ್ರ್ ಎಂದು ಬಸ್ಸು ದಪ್ಪ ದನಿಯಲ್ಲಿ ಗೊಣಗುತ್ತ ಇಳಿದು ಬರುತ್ತಿತ್ತು. ಎದುರುಮನೆಯಾಕೆ ಕಾಂಪೌಂಡಿನಿಂದಲೇ, "ರೀ, ನಿಮ್ಮೆಜಮಾನ್ರು ಕೂಗ್ತಿದಾರೆ, ಅನ್ನಕ್ಕಿಡಿ!" ಎನ್ನುತ್ತಿದ್ದರು. ನಾನು ಕೇಳಿಸದವಳಂತೆ ಒಳಗೆ ಹೋಗಿ ಅಕ್ಕಿ ತೊಳೆಯುತ್ತಿದ್ದೆ. ನನ್ನನ್ನು ಯಾರಾದರೂ ಕೂಗಿ ಕರೆದದ್ದಿದ್ದರೆ ಹಾಗೆ.

ಅವರು ಹೋದ ಮೇಲೆ ಮೂರು ವರ್ಷ ಬಸ್ಸು ನಿಂತಲ್ಲೇ ನಿಂತಿತು. ನಿಮ್ಮ ಅಪ್ಪ ತಿಂಗಳಿಗೊಮ್ಮೆ ಬಂದು ಇಂಜಿನ್ ಓಡಿಸಿ ಹೋಗುತ್ತಿದ್ದರು. ಗುಂಡಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು. ಒಂದು ದಿನವೂ ಹತ್ತಲಿಲ್ಲ. ಒತ್ತಿದ ಮೇಲೆ ಹೊರಗಿನಿಂದ ಬಡಿಯುವವರಿಲ್ಲವಲ್ಲ ಎಂದು.

ಸೈಟಿನವರು ಮನೆ ಕಟ್ಟಲು ಹೊರಟಾಗ ಬಸ್ಸನ್ನು ಕೊಡಲೇಬೇಕಾಯಿತು. ಹುಳಿಮಾವಿನ ಗಂಡ ಹೆಂಡತಿ ಬಂದರು. ವಯಸ್ಸಾದ ಅತ್ತೆಗೆ ಊರೂರಿನ ದೇವಸ್ಥಾನ ತೋರಿಸಬೇಕಂತೆ, ಆಕೆಗೆ ಮಲಗಿಕೊಂಡು ಹೋಗಲು ಮಂಚ ಬೇಕಂತೆ. ಒಳ್ಳೆಯವರು. ಜೊತೆಗೊಬ್ಬ ಮೆಕ್ಯಾನಿಕ್ಕನ್ನು ಕರೆತಂದಿದ್ದರು. ನಾನು ಅವರು ಬರುವ ಮೊದಲೇ ಆ ಹಾಸನ್ನು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದೆ. ಅದೊಂದು ನನಗಿರಲಿ ಎಂದು.

ಮೆಕ್ಯಾನಿಕ್ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಗುಂಡಿ ಒತ್ತಿ ನೋಡಿದ. ಏನೂ ಆಗಲಿಲ್ಲ. ಕೆಳಗೆ ನುಸುಳಿ ಎದ್ದು ಬಂದು, "ಸಾರ್, ಎಕ್ಸಾಸ್ಟ್ ಬ್ರೇಕ್ ಪೂರ್ತಿ ಜಾಮ್. ಹಳೇ ಮಾಲು. ಕಟ್ ಮಾಡಿ ನೇರ ಪೈಪ್ ಬಿಟ್ಬಿಡೋಣ, ತಲೆನೋವೇ ಇರಲ್ಲ" ಎಂದ.

"ಅದಿಲ್ದಿದ್ರೆ ಪರವಾಗಿಲ್ವಾ?" ಎಂದು ಹುಳಿಮಾವಿನವರು ಕೇಳಿದರು.

"ಸಿಟೀಲಿ ಯಾವನ್ ಯೂಸ್ ಮಾಡ್ತಾನೆ ಸಾರ್?"

ಅವನು ಕತ್ತರಿಸುವ ಮೆಷಿನ್ನಿಗೆ ವೈರು ಎಳೆಯತೊಡಗಿದ. ಆ ಪೈಪು ಹೋದರೆ ಆ ದನಿ ಎಲ್ಲಿಯೂ ಇರುವುದಿಲ್ಲ. ಇನ್ನೊಂದು ಭಯವೂ ಇತ್ತು. ಇವರು ಸಿಟಿಯಲ್ಲಿ ಇರುವುದಿಲ್ಲ, ಘಾಟಿ ಇಳಿಯುತ್ತಾರೆ, ಮಂಚದ ಮೇಲೆ ಮುದುಕಿಯನ್ನು ಮಲಗಿಸಿಕೊಂಡು. ನಿಮ್ಮ ಅಮ್ಮ, "ಅಮ್ಮ, ಬಿಸಿಲು, ಒಳಗೆ ಹೋಗು" ಎಂದಳು. ಎರಡು ಹೆಜ್ಜೆ ಹೋಗಿಯೂ ಬಿಟ್ಟೆ.

ಆಮೇಲೆ ತಿರುಗಿದೆ. "ಕತ್ತರಿಸ್ಬೇಡಪ್ಪ" ಎಂದೆ. ದನಿ ಅಷ್ಟು ಜೋರಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಮಸಿ ಕಟ್ಕೊಂಡಿದೆ ಅಷ್ಟೇ. ಪೈಪು ಆರಲಿ. ಆಮೇಲೆ ಸೀಮೆಎಣ್ಣೆ ಬಿಟ್ಟು, ಒಂದು ಅನ್ನ ಆಗೋ ಹೊತ್ತು ಸುಮ್ನಿರಬೇಕು. ಸುತ್ತಿಗೇಲಿ ಹೊಡೀಬೇಡ, ಮುಚ್ಚಳದ ಕಡ್ಡಿ ಬಗ್ಗತ್ತೆ. ಮರದ ತುಂಡಲ್ಲಿ ತಟ್ಟು."

ಅವನು ನಕ್ಕ. "ಏನ್ ಆಂಟಿ, ಗ್ಯಾರೇಜ್ ಇಟ್ಟಿದ್ರಾ?"

"ನಮ್ಮೆಜಮಾನ್ರು ಗ್ಯಾರೇಜಲ್ಲಿದ್ರು. ನಾನು ಗುಂಡಿ ಒತ್ತುತಿದ್ದೆ."

ನಿಮ್ಮ ಅಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಮುಚ್ಚಳ ಹಿಡಿದುಕೊಂಡಾಗ ನಿಮ್ಮ ತಾತ ಬಿಡುತ್ತಿದ್ದ ಸೀಮೆಎಣ್ಣೆಯ ಬಾಟಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲೇ ಇತ್ತು, ತಳದಲ್ಲಿ ಅರ್ಧ ಗೇಣು. ತಂದುಕೊಟ್ಟೆ. ಪೈಪು ಆರಿ, ಎಣ್ಣೆ ಇಳಿದು, ಅವನು ತಟ್ಟುತ್ತ ಹೋದ. ಕೊನೆಗೆ, "ಯಾರಾದ್ರೂ ಒತ್ತಿ" ಎಂದ. ಹುಳಿಮಾವಿನವರು ಹತ್ತಲು ಹೋದರು. ನಾನು ಮೊದಲು ಹತ್ತಿದೆ. ಆ ಸೀಟಿನಲ್ಲಿ ಕೂತು ಬರಿ ತಗಡಿನ ಮೇಲೆ ಹಿಮ್ಮಡಿ ಇಟ್ಟು ಒತ್ತಿದೆ. ಟಸ್ ಎಂದಿತು, ಅಷ್ಟೇ. ಇನ್ನೊಂದು ಸಲ. ಮೂರನೆಯ ಸಲಕ್ಕೆ ಟಕ್ ಎಂದಿತು.

ಹೊರಗೆ ಅವನು ಅಂಗೈಯಿಂದ ತಗಡಿಗೆ ಎರಡು ಸಲ ಬಡಿದ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗ್ಯಾರೇಜಿನವರೆಲ್ಲ ಹಾಗೇ ಬಡಿಯುತ್ತಾರೇನೋ. ನಾನು ತಕ್ಷಣ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಧೂಳಿತ್ತು, ಸೆರಗಿನಿಂದ ಒರೆಸಿದೆ.

ಇಳಿಯುವ ಮೊದಲು ಚೀಲದಿಂದ ಹಾಸು ತೆಗೆದು ಕಾಲಡಿಗೆ ಹಾಸಿದೆ. ತೂತು ಗುಂಡಿಗೆ ಸರಿಯಾಗಿ ಕೂತಿತು. ಆ ಹೆಂಗಸಿಗೆ ಹೇಳಿದೆ, "ಹೊರಡೋ ದಿನ ಬೆಳಿಗ್ಗೆ ನೀವು ಒತ್ತಿ, ಅವರು ಹೊರಗಡೆ ನೋಡ್ಲಿ. ಒತ್ತದೆ ಬಿಟ್ರೆ ಹಿಡ್ಕೊಂಡುಬಿಡತ್ತೆ. ನಾನು ಬಿಟ್ಟಿದ್ದೆ." ಆಕೆ ನನ್ನ ಕೈ ಹಿಡಿದುಕೊಂಡರು.

ಬಸ್ಸು ಹೊರಟಾಗ ಗೇಟಿನಲ್ಲಿ ನಿಂತು ಕಿವಿ ಇಟ್ಟು ಕೇಳಿದೆ. ಆ ದನಿ ಬರಲಿಲ್ಲ. ಆಮೇಲೆ ಹೊಳೆಯಿತು. ಹೋಗುವವರಿಗೆ ನಮ್ಮ ರಸ್ತೆ ಏರು, ಬ್ರೇಕಿಗೆ ಅಲ್ಲಿ ಕೆಲಸವಿಲ್ಲ. ಮನೆಗೆ ಬರುವವರಿಗೆ ಮಾತ್ರ ಅದು ಇಳಿಜಾರು.

ಹೋದ ತಿಂಗಳು ಆಕೆ ಫೋನ್ ಮಾಡಿದ್ದರು. ಘಾಟಿಯುದ್ದಕ್ಕೂ ಗುಂಡಿ ಒತ್ತಿಕೊಂಡೇ ಇಳಿದರಂತೆ. "ಏನ್ ಗೊಣಗತ್ತೆ ಅಮ್ಮ ನಿಮ್ ಬಸ್ಸು! ನಮ್ಮತ್ತೆ ಎದ್ದು ಕೂತು, ಯಾರೋ ಬೈತಿದಾರೆ ಅಂದ್ರು" ಎಂದು ನಕ್ಕರು. ಒಂದು ಸಲ ಈ ಕಡೆ ತನ್ನಿ ಎನ್ನಬೇಕೆಂದಿದ್ದೆ. "ಸಂತೋಷ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ.

ನೀವು ರಜೆಗೆ ಬಂದಾಗ ಆ ನಂಬರ್ ಹುಡುಕಿ ಹಾಕಿಕೊಡಿ. ಮಾತು ನಾನೇ ಆಡುತ್ತೇನೆ. ಊಟಕ್ಕೆ ಬನ್ನಿ, ಬಸ್ಸಿನಲ್ಲೇ ಬನ್ನಿ, ನಮ್ಮ ರಸ್ತೆಯ ತುದಿಗೆ ಬಂದಾಗ ಎಡಗಾಲು ಸ್ವಲ್ಪ ಒತ್ತಿ ಎನ್ನುತ್ತೇನೆ. ಅಕ್ಕಿಯನ್ನು ಆಗ ತೊಳೆದರೆ ಸಾಕು.