ಹೆಬ್ಬಾವಿನ ಗುಡಿಯಲ್ಲಿ ಅರ್ಚನೆ

ಹೆಂಡತಿ ತೀರಿಕೊಂಡ ಮೇಲೆ, ಪರದೇಶದಲ್ಲಿ ನಾವಿರುವ ಊರು ಕ್ಯಾಂಟನ್ನಿನ ದೇವಸ್ಥಾನದಲ್ಲಿ ಅರ್ಚನೆಗೆ ಹೆಸರು ಕೇಳಿದರೆ ‘ದೇವರ ಹೆಸರಲ್ಲೇ ಮಾಡಿ’ ಅಂದುಬಿಡುತ್ತೇನೆ. ಸತ್ತವರ ಹೆಸರಲ್ಲಿ ಅರ್ಚನೆ ಮಾಡಿಸುವುದಿಲ್ಲ. ನನ್ನೊಬ್ಬನದೇ ಹೇಳಲು ಸಂಕಟ. ಹಿಂದೆ ನಿಂತವರು ಐದಾರು ಹೆಸರು ಒಪ್ಪಿಸುವಾಗ ಸಿಟ್ಟೇ ಬರುತ್ತದೆ.

ಹೋದ ವರ್ಷ ರಜೆ ಹಾಕಿ ಒಬ್ಬನೇ ಪಶ್ಚಿಮ ಆಫ್ರಿಕಾದ ಬೆನಿನ್‌ಗೆ ಹೋದೆ. ಅಲ್ಲೊಂದು ಹೆಬ್ಬಾವಿನ ಗುಡಿ. ಅಭ್ಯಾಸಬಲದಿಂದ ಬಾಗಿಲಲ್ಲೇ ಶೂ ಬಿಚ್ಚಿದೆ. ಯಾರಿಗಾಗಿ ಬೇಡಿಕೊಳ್ಳಲಿ ಎಂದು ಮುದುಕ ಪೂಜಾರಿ ಗೈಡ್ ಮೂಲಕ ಕೇಳಿದರು.

‘ದೇವರ ಹೆಸರಲ್ಲೇ ಮಾಡಿ,’ ಅಂದೆ.

‘ದೇವರಿಗೇನು ಕಮ್ಮಿ? ನಿಮ್ಮವರ ಹೆಸರು ಹೇಳಿ. ತೀರಿಕೊಂಡವರಾದರೂ ಸರಿ.’

ಗೋತ್ರ, ನಕ್ಷತ್ರ ಸಮೇತ ಅವಳ ಹೆಸರು ಹೇಳಿದೆ. ಅವರು ಅದನ್ನು ತಪ್ಪುತಪ್ಪಾಗಿ, ಗಟ್ಟಿಯಾಗಿ ಮೂರು ಸಲ ಹೇಳಿದರು. ಅವಳು ಹೋದ ಈ ಮೂರು ವರ್ಷದಲ್ಲಿ ಇನ್ನೊಬ್ಬರ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು.